ಅಲ್ಲಿ ಬಲ, ಇಲ್ಲಿ ಎಡ

ವರ್ಕ್‌ಶಾಪಿನ ಮೇಲಿನ ಕೋಣೆ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯ? ನಿನ್ನ ಹೆಂಡತಿಯ ಕೆಮ್ಮು ಕಡಿಮೆಯಾಯಿತೇ? ಮಗಳಿಗೆ ಮುಂದಿನ ಹಲ್ಲು ಬಂತೋ, ಇಲ್ಲ ಇನ್ನೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾಳೋ? ಇಲ್ಲಿ ಅಮ್ಮ ಗಟ್ಟಿಯಾಗಿದ್ದಾಳೆ. ಕಿವಿ ಸ್ವಲ್ಪ ಮಂದವಾಗಿದೆ, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ನನಗೆ ರಕ್ತದೊತ್ತಡವೆಂದು ಡಾಕ್ಟರು ಮಾತ್ರೆ ಕೊಟ್ಟು, ಬೆಳಗ್ಗೆ ಎದ್ದ ಕೂಡಲೇ ಪೇಪರ್ ಓದುವುದನ್ನು ಬಿಡಿ ಎಂದಿದ್ದಾರೆ. ಮಾತ್ರೆ ನುಂಗಿ ಪೇಪರ್ ಓದುತ್ತಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ನೀನು ‘ಹೂಂ ಅಕ್ಕ, ಹೂಂ ಅಕ್ಕ’ ಎನ್ನುತ್ತಲೇ ಇದ್ದು, ನಾನು ವಿಷಯಕ್ಕೆ ಬರುವ ಹೊತ್ತಿಗೆ ಸರಿಯಾಗಿ ಗಿರಾಕಿ ಬಂದ ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲಾಗದು.

ಹೋದ ವಾರ ನೀನು ಆಡಿದ ಮಾತಿಗೆ ಇದು ಉತ್ತರ. ‘ಅಲ್ಲಿ ಬಾಗಿಲು ಹಾಕ್ಬಿಡೋಣ ಅಕ್ಕ. ಎಡದ ಥ್ರೆಡ್ ಹಾಕೋ ಲೇತ್ ಒಂದನ್ನ ಇಲ್ಲಿಗೆ ಕಳಿಸು. ಇಲ್ಲೇ ಮಾಡಿದ್ರೆ ಸುಂಕದ ಕಾಟಾನೇ ಇರಲ್ಲ.’ ಪಕ್ಕದ ಮನೆಯಿಂದ ಏಣಿ ಕೇಳಿದ ಹಾಗೆ ಕೇಳಿದೆ. ಸೈಕಲಿನ ಎಡ ಪೆಡಲಿಗೆ ತಿರುಪು ಕೊರೆಯುವ ಆ ಲೇತ್ ಮಷೀನ್ ಹೋದರೆ ಇಲ್ಲಿ ಉಳಿಯುವುದು ನಾಲ್ಕು ಗೋಡೆ ಮತ್ತು ಅಪ್ಪ ಬರೆಸಿದ ಬೋರ್ಡು. ಅಂದು ಫೋನ್ ಇಟ್ಟುಬಿಟ್ಟೆ. ಈಗ ಬರೆಯುತ್ತಿದ್ದೇನೆ, ಕೂತು ಓದು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಏಕೆಂದರೆ ನೀನು ಮರೆತವನ ಹಾಗೆ ಮಾತಾಡುತ್ತೀಯ. ನಿಮ್ಮ ಕಡೆಯ ಸರ್ಕಾರ ಹೊಸ ನಿಯಮ ತಂದಿತು. ಹೊರದೇಶದಿಂದ ಬರುವ ಪೆಡಲಿನ ಜೋಡಿ ‘ಸಿದ್ಧ ವಸ್ತು’, ಅದಕ್ಕೆ ಬೆಲೆಯ ಅರ್ಧದಷ್ಟು ಸುಂಕ. ಬಿಡಿ ಭಾಗಕ್ಕೆ ಹಳೆಯ ಸುಂಕವೇ. ಬಂದರಿನಲ್ಲಿ ನಮ್ಮ ಮಾಲಿನ ಸುಂಕದ ಕೆಲಸ ನೋಡುವ ಕ್ಲಿಯರಿಂಗ್ ಏಜೆಂಟ್ ಇದ್ದಾನಲ್ಲ, ಮನೆಗೆ ಬೆಂಕಿ ಬಿದ್ದರೂ ‘ಸುಲಭ ಮೇಡಂ’ ಎನ್ನುವ ಆ ಸುಲಭಪ್ಪ, ಕುರ್ಚಿಯ ತುದಿಯಲ್ಲಿ ಕೂತು ಉಪಾಯ ಹೇಳಿಕೊಟ್ಟ. ಬಲಗಾಲಿನ ಪೆಡಲುಗಳೆಲ್ಲ ಒಂದು ಹಡಗಿನಲ್ಲಿ ಹೋಗಲಿ, ಎಡಗಾಲಿನವು ಮುಂದಿನ ಹಡಗಿನಲ್ಲಿ. ಒಂಟಿ ಪೆಡಲು ಜೋಡಿಯಲ್ಲ, ಜೋಡಿಯಲ್ಲದ್ದು ಬಿಡಿ ಭಾಗ. ನೀನು ಅಲ್ಲಿಂದಲೇ ಭೇಷ್ ಎಂದೆ. ಜೋಡಿ ಬಿಚ್ಚುವುದು ನನಗೆ ಸರಿಕಾಣಲಿಲ್ಲ, ಆದರೆ ಬೇರೆ ದಾರಿಯೂ ಕಾಣಲಿಲ್ಲ.

ಜೋಡಿ ಬಿಚ್ಚುವುದೆಂದರೆ ಏನೆಂದು ನಿನಗೆ ನೆನಪಿದೆಯೇ? ನಮ್ಮಲ್ಲಿ ಒಂದು ಜೋಡಿಯ ಎರಡೂ ಪೆಡಲುಗಳನ್ನು ಒಬ್ಬರ ಕೈಯೇ ಕೂಡಿಸಬೇಕು. ಕೂಡಿಸಿದ ಮೇಲೆ ಎರಡನ್ನೂ ಒಟ್ಟಿಗೆ ಗಿರ್ರನೆ ತಿರುಗಿಸಿ ಬಿಡಬೇಕು, ಎರಡೂ ಒಟ್ಟಿಗೇ ನಿಲ್ಲಬೇಕು. ನಿಂತರೆ ಅಮ್ಮ ತಂತಿಯಿಂದ ಬಿಗಿದು ಪೆಟ್ಟಿಗೆಗೆ ಹಾಕುತ್ತಾಳೆ. ಆ ತಂತಿ ಬಿಗಿದ ಮೇಲೆ ಅದನ್ನು ಬಿಚ್ಚುವ ಹಕ್ಕು ಸೈಕಲ್ ಕೊಳ್ಳುವವನಿಗೆ ಮಾತ್ರ ಎಂದು ಅಪ್ಪ ಹೇಳುತ್ತಿದ್ದರು. ಸುಲಭಪ್ಪನ ಮಾತು ಕಟ್ಟಿಕೊಂಡು ನಾವು ಪೆಟ್ಟಿಗೆಗಳನ್ನು ಕವುಚಿ, ಇಕ್ಕಳ ಹಿಡಿದು, ಒಂದೊಂದೇ ತಂತಿ ಕತ್ತರಿಸಿದೆವು. ಬೆಂಚಿನಲ್ಲಿ ಪೆಡಲು ಕೂಡಿಸುವ ಹೆಂಗಸರು ದಿನವಿಡೀ ಹರಟುವವರು, ಅಂದು ರೇಡಿಯೋ ಕೂಡ ಹಾಕಲಿಲ್ಲ. ಅಮ್ಮ ಸ್ವಲ್ಪ ಹೊತ್ತು ನೋಡಿ, ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಒಳಗೆ ಹೋಗಿ ಮಲಗಿದಳು. ಹಗಲು ಹೊತ್ತಿನಲ್ಲಿ ಅಮ್ಮ ಮಲಗಿದ್ದನ್ನು ನಾನು ನೋಡಿರಲಿಲ್ಲ.

ಬಲದವು ಬಂದು ನಿನ್ನ ಗೋದಾಮು ಸೇರಿದವು. ಎಡದವು ಬಂದರಿಗೆ ಹೋಗುವಷ್ಟರಲ್ಲಿ ನಿಮ್ಮವರು ಇನ್ನೊಂದು ಸುತ್ತೋಲೆ ಹೊರಡಿಸಿದರು. ಒಂಟಿ ಪೆಡಲೂ ಸಿದ್ಧ ವಸ್ತುವೇ, ತಿರುಪಿರುವ ಒಳಗಿನ ಕಡ್ಡಿ, ಅಂದರೆ ಆಕ್ಸಲ್, ಬೇರೆ, ಕಾಲಿಡುವ ಮೈ ಬೇರೆಯಾಗಿ ಬಂದರೆ ಮಾತ್ರ ಬಿಡಿ ಭಾಗ. ಎಡದವು ಲಾರಿ ತುಂಬ ಮನೆಗೆ ವಾಪಸು ಬಂದವು. ಈಗ ನೀನು ಬಲದ ರಾಶಿಯ ಮೇಲೆ ಕೂತಿದ್ದೀಯ, ನಾನು ಎಡದ ರಾಶಿಯ ಮೇಲೆ. ನಿನ್ನ ಅಂಗಡಿಗೆ ಬಂದ ಆ ಮುದುಕ ಪೋಸ್ಟ್‌ಮನ್ ಬಲದ ಪೆಡಲನ್ನು ತಿರುಗಿಸಿ ನೋಡಿ, ‘ನಾವಿನ್ನೂ ಎರಡು ಕಾಲಲ್ಲೇ ತುಳೀತೀವಪ್ಪ’ ಅಂದನಂತಲ್ಲ. ನೀನು ಅದನ್ನು ನಗುತ್ತಾ ಹೇಳಿದೆ. ಆ ನಗು ನನಗೆ ಹಿಡಿಸಲಿಲ್ಲ.

ನಮ್ಮ ಸರ್ಕಾರವೇನು ಕಡಿಮೆಯೇ? ನಿಮ್ಮವರಿಗೆ ಬುದ್ಧಿ ಕಲಿಸುತ್ತೇವೆಂದು ಹೊರಗಿನ ಉಕ್ಕಿನ ಬಾಲ್ಸುಗಳಿಗೆ ಸುಂಕ ಏರಿಸಿದೆ. ಪೆಡಲಿನೊಳಗೆ ಉರುಳುವ, ಮೆಣಸಿನ ಕಾಳಿಗಿಂತ ಚಿಕ್ಕ ಗುಂಡುಗಳಿಗೆ. ಅವುಗಳನ್ನು ಕೊಳ್ಳುವವರು ನಾವು. ಅಂದರೆ ಅವರಿಗೆ ಹೊಡೆಯಲು ಎತ್ತಿದ ಕೋಲು ನಮ್ಮ ಬೆನ್ನಿಗೆ ಬಿದ್ದಿದೆ. ನಾನು ಸುಂಕದ ಕಚೇರಿಗೆ ಹೋಗಿ, ಈ ಅಳತೆಯ ಬಾಲ್ಸನ್ನು ನಮ್ಮ ದೇಶದಲ್ಲಿ ಯಾರು ಮಾಡುತ್ತಾರೆ, ಇದರಿಂದ ಯಾರನ್ನು ಕಾಪಾಡುತ್ತಿದ್ದೀರಿ ಎಂದು ಕೇಳಿದೆ. ಯಾರೂ ಮಾಡುವುದಿಲ್ಲ, ಮುಂದೆ ಮಾಡಬಹುದು ಎಂದರು. ಹಾಗಿದ್ದರೆ ನಿನ್ನ ಬಲದವನ್ನು ವಾಪಸು ತರಿಸಿಕೊಳ್ಳುತ್ತೇನೆ ಎಂದೆ. ಗಡಿ ದಾಟಿ ಒಳಗೆ ಬಂದರೆ ಅವು ವಿದೇಶಿ ಮಾಲು, ಅದಕ್ಕೂ ಸುಂಕವಂತೆ. ಅಮ್ಮನ ಕೈಯಲ್ಲಿ ಹುಟ್ಟಿದ ಪೆಡಲು, ಸ್ವಾಮಿ, ನೋಡಿ ಇಲ್ಲಿ ನಮ್ಮ ಮುದ್ರೆ ಎಂದು ಮಾದರಿ ತೋರಿಸಿದೆ. ಮುದ್ರೆ ಯಾರು ಬೇಕಾದರೂ ಹೊಡೆಯಬಹುದಲ್ಲ ಎಂದು ಅದನ್ನು ಟೇಬಲ್ಲಿನ ಮೇಲೆ ಉರುಳಿಸಿದರು. ಕೊನೆಗೆ ಕನಿಕರದಿಂದ ಒಂದು ಸಲಹೆಯನ್ನೂ ಕೊಟ್ಟರು. ‘ಎಡದ್ದನ್ನೇ ತಿರುಗಿಸಿ ಬಲಕ್ಕೆ ಹಾಕಿ ಮಾರಿ ಮೇಡಂ.’ ತುಳಿದಂತೆಲ್ಲ ಬಿಚ್ಚಿಕೊಂಡು ಬೀಳಬಾರದೆಂದು ಎಡದ ಪೆಡಲಿಗೆ ತಿರುಪು ಉಲ್ಟಾ ಇರುತ್ತದೆ, ಅದು ಬಲದ ತೂತಿಗೆ ಹತ್ತುವುದೇ ಇಲ್ಲ ಎಂದು ವಿವರಿಸಿದೆ. ಅಷ್ಟು ಹೊತ್ತಿಗೆ ಅವರು ಮುಂದಿನವರನ್ನು ಕರೆದಿದ್ದರು.

ಇದೇನು ಹೊಸ ಆಟವೇ? ನೀನು ತೊಟ್ಟಿಲಲ್ಲಿದ್ದಾಗ ಸೈಕಲ್ ಚೈನಿಗೂ ಹೀಗೇ ಆಗಿತ್ತು. ದೇಶದ ಚೈನನ್ನು ಕಾಪಾಡುತ್ತೇವೆಂದು ಹೊರಗಿನದನ್ನು ತಡೆದರು. ಹೆದ್ದಾರಿಯ ಪಕ್ಕ ಚೈನ್ ಫ್ಯಾಕ್ಟರಿ ಎದ್ದಿತು, ದೊಡ್ಡವರು ಬಂದು ಟೇಪು ಕತ್ತರಿಸಿದರು, ನಮ್ಮ ಶಾಲೆಯ ಮಕ್ಕಳನ್ನೆಲ್ಲ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಬಾವುಟ ಆಡಿಸಿದರು. ನಾನೂ ಆಡಿಸಿದೆ. ಆ ಚೈನು ಒಂದು ಮಳೆಗೆ ತುಕ್ಕು ಹಿಡಿಯುತ್ತಿತ್ತು. ಫ್ಯಾಕ್ಟರಿ ಮುಚ್ಚಿತು, ತಡೆ ಮಾತ್ರ ತೆಗೆಯುವವರಿಲ್ಲದೆ ಹಾಗೇ ಉಳಿಯಿತು. ಈಗ ಆ ಕಟ್ಟಡದಲ್ಲಿ ಸಿಮೆಂಟ್ ಮೂಟೆ ಪೇರಿಸಿದ್ದಾರೆ. ಎರಡೂ ಕಡೆಯ ಸರ್ಕಾರಗಳು ತಮ್ಮ ತಮ್ಮ ಜನರನ್ನು ಕಾಪಾಡುತ್ತಿವೆಯಂತೆ. ನಿಮ್ಮ ಕಡೆಯ ಜನ ಎಂದರೆ ಆ ಪೋಸ್ಟ್‌ಮನ್. ನಮ್ಮ ಕಡೆಯ ಜನ ಎಂದರೆ ಈಗ ಅರ್ಧ ದಿನ ಮಾತ್ರ ಕೆಲಸವಿರುವ ನಮ್ಮ ಬೆಂಚಿನ ಹೆಂಗಸರು. ಹಾಗಾದರೆ ಕಾಪಾಡಿಸಿಕೊಂಡವರು ಎಲ್ಲಿದ್ದಾರೆ? ಕಂಡರೆ ವಿಳಾಸ ಬರೆದು ಕಳಿಸು.

ಇಷ್ಟೆಲ್ಲದರ ಮೇಲೆ ನೀನು ಲೇತ್ ಕೇಳುತ್ತೀಯ. ಲೇತ್ ಕಬ್ಬಿಣ, ಕ್ರೇನಿನಲ್ಲಿ ಎತ್ತಿ ಕಳಿಸಬಹುದು. ಅದನ್ನು ನಡೆಸುವ ಉಲ್ಟಾ ಮಾಮನನ್ನು ಯಾವ ಕ್ರೇನಿನಲ್ಲಿ ಎತ್ತಲಿ? ಆಯುಷ್ಯವೆಲ್ಲ ಎಡದ ತಿರುಪು ಕೊರೆದು ಕೊರೆದು, ಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಅವನು ಮೊದಲು ಉಲ್ಟಾ ತಿರುಗಿಸಿ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಾನೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ಸುದ್ದಿ ಹೇಗೋ ಅವನ ಕಿವಿಗೂ ಬಿದ್ದಿದೆ.  ಮಷೀನಿನ ಅಡಿ ಗುಡಿಸುತ್ತಾ, ‘ಪುಟ್ಟಪ್ಪನೋರು ಅಲ್ಲಿ ಇದನ್ನ ಗೋಡೆ ಪಕ್ಕ ಇಡದೆ ಇದ್ರೆ ಸಾಕಮ್ಮ, ಬೆಳಕು ಬೇಕು ಇದಕ್ಕೆ’ ಎಂದ. ಅದನ್ನು ಕೇಳಿ ಒಳಗೆ ಬಂದವಳು, ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳಲಿ ಎಂದು ತಿಳಿಯದೆ ಸುಲಭಪ್ಪನಿಗೆ ಫೋನ್ ಮಾಡಿ ಬೈದೆ. ಅವನು ಅದಕ್ಕೂ ಸುಲಭ ಮೇಡಂ ಎಂದ.

ಈಗ ಅಮ್ಮನ ಸುದ್ದಿ. ಮೊನ್ನೆ ಊಟವಾದ ಮೇಲೆ ಅವಳು ಶೋಕೇಸಿನಲ್ಲಿದ್ದ ಮಾದರಿಯ ಬಲದ ಪೆಡಲನ್ನು ತೆಗೆದು ಬೆಂಚಿಗೆ ಬಂದಳು. ಬಾಲ್ಸನ್ನು ಹಿಡಿದಿಡುವ ಕೋನ್ ನಟ್ಟನ್ನು ಸಡಿಲಿಸಿದಳು, ಬಾಲ್ಸನ್ನು ತಟ್ಟೆಗೆ ಸುರಿದಳು, ಆಕ್ಸಲನ್ನು ಎಳೆದು ಹೊರಗೆ ಹಾಕಿದಳು. ಹೆಂಗಸರೆಲ್ಲ ಎದ್ದು ನಿಂತರು. ಕೂಡಿಸಿದ ಪೆಡಲನ್ನು ಬಿಚ್ಚುವುದು ನಮ್ಮಲ್ಲಿ ಇಲ್ಲವೇ ಇಲ್ಲ. ತಪ್ಪಿದರೆ ಅದು ನೇರ ಗುಜರಿಗೆ, ಸರಿಯಾಗಿದ್ದರೆ ಪೆಟ್ಟಿಗೆಗೆ. ಅಮ್ಮನೇ ನಮಗೆ ಹಾಗೆ ಕಲಿಸಿದವಳು. ಆಮೇಲೆ ಉಲ್ಟಾ ಮಾಮನ ಮಷೀನಿನಿಂದ ಆಗಷ್ಟೇ ಇಳಿದ ಎಡದ ಆಕ್ಸಲನ್ನು ಬಲದ ಮೈಯೊಳಗೆ ತೂರಿಸಿ, ಬಾಲ್ಸು ಕೂರಿಸಿ, ಕೋನ್ ಬಿಗಿದು ತಿರುಗಿಸಿದಳು. ಬೆಣ್ಣೆಯ ಹಾಗೆ ತಿರುಗಿತು. ‘ಎಡ ಬಲ ಇರೋದು ಕಡ್ಡಿಗೆ ಕಣೇ, ಮೈಗಲ್ಲ’ ಎಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ‘ಬಿಚ್ಚೋದು ನನ್ನ ತಲೆಗೂ ಬರ್ಲಿಲ್ಲ, ನೀವು ತಂತಿ ಕತ್ತರಿಸಿದ ಮೇಲೆ ಬಂತು’ ಎಂದು ಚುಚ್ಚಿದಳು. ಸೈಕಲಿನ ಮೇಲೇ ಬದುಕಿದ ನಾವು, ಎರಡು ದೇಶಗಳ ಕಚೇರಿ ಸುತ್ತಿದ ನಾವು, ಕೂಡಿಸಿದ್ದನ್ನು ಬಿಚ್ಚಬಾರದು ಎಂಬ ನಮ್ಮದೇ ಕಟ್ಟಳೆಗೆ ಕಟ್ಟುಬಿದ್ದು ಕೂತಿದ್ದೆವು.

ಆದ್ದರಿಂದ ನಾನು ಎಡದ ಆಕ್ಸಲುಗಳನ್ನು ಮಾತ್ರ ಕಳಿಸುತ್ತಿದ್ದೇನೆ. ಅವು ಬಿಡಿ ಭಾಗವೇ. ಸುತ್ತೋಲೆಯನ್ನು ನಾನೇ ಅಕ್ಷರ ಅಕ್ಷರ ಓದಿದ್ದೇನೆ, ಸುಲಭಪ್ಪನನ್ನು ನಂಬಿಲ್ಲ. ನಿನ್ನ ಬಲದ ರಾಶಿಯಲ್ಲಿ ಅರ್ಧಕ್ಕೆ ಅವನ್ನು ಹಾಕಿದರೆ ನಿನಗೆ ಜೋಡಿಯಾಯಿತು. ಇಲ್ಲಿ ಎಡದ ಅರ್ಧಕ್ಕೆ ಬಲದ ಆಕ್ಸಲು ಹಾಕಿ ನಮ್ಮ ರಿಪೇರಿ ಅಂಗಡಿಗಳಿಗೆ ಮಾರುತ್ತೇವೆ. ಇದರಿಂದ ರಾಶಿ ಕರಗುತ್ತದೆ, ಸುಂಕ ಕರಗುವುದಿಲ್ಲ, ಅದು ನನಗೆ ಗೊತ್ತು. ಅದಕ್ಕಾಗಿ ಎರಡೂ ಕಡೆಯ ಮಂತ್ರಿಗಳಿಗೆ, ನಾಲ್ಕು ಪೇಪರುಗಳಿಗೆ ಬರೆದಿದ್ದೇನೆ. ಉತ್ತರ ಬರುವವರೆಗೂ ಬರೆಯುತ್ತೇನೆ. ಒಂದು ಸಲ ಬಿಸಿಲಲ್ಲಿ ನಿಂತು ಬಾವುಟ ಆಡಿಸಿದ್ದು ಸಾಕು. ಆದರೆ ಬಾಗಿಲು ಹಾಕುವ ಮಾತನ್ನು ನನ್ನ ಹತ್ತಿರ ಇನ್ನೊಮ್ಮೆ ಎತ್ತಬೇಡ.

ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು, ಬಿಸಿನೀರು ಕುಡಿಯಲು ಹೇಳು. ಮಗಳ ಎರಡೂ ಕೆನ್ನೆಗೆ ಮುತ್ತು. ಬೈದದ್ದು ಬೈದಾಯಿತು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಒಳಿತನ್ನೇ ಬಯಸುವ,
ಅಕ್ಕ

ಮರೆತಿದ್ದೆ: ಆಕ್ಸಲುಗಳ ಹಿಂದೆಯೇ ಅಮ್ಮನೂ ಬರುತ್ತಿದ್ದಾಳೆ. ನಿನ್ನ ಹುಡುಗರ ಕೈಯನ್ನು ಅವಳು ನಂಬುವುದಿಲ್ಲವಂತೆ. ಟಿಕೆಟ್ ಆಗಿದೆ, ಮುಂದಿನ ತಿಂಗಳ ಮೊದಲ ಗುರುವಾರ ಅಲ್ಲಿ ಇಳಿಯುತ್ತಾಳೆ, ಕರೆದುಕೊಂಡು ಹೋಗಲು ನೀನೇ ಬಾ. ಕಿಟಕಿಯ ಪಕ್ಕದ ಬೆಂಚು ಖಾಲಿ ಮಾಡಿಡು. ಲೇತ್ ಕೇಳಿದ್ದನ್ನು ಅವಳಿಗೆ ಹೇಳಿದೆ, ಹೇಳದೆ ಇರಲಾಗಲಿಲ್ಲ. ಮಷೀನ್ ಅವಳದು, ನಾನು ಬೇಡ ಎಂದರೆ ಮುಗಿಯುವುದಿಲ್ಲ. ಅವಳು ಬೈಯಲಿಲ್ಲ. ‘ನನ್ನೆದುರು ಕೂತು ಅವನ ಕೈಯಾರೆ ಒಂದು ಜೋಡಿ ಕೂಡಿಸ್ಲಿ. ಎರಡೂ ಒಟ್ಟಿಗೆ ನಿಂತ್ರೆ ಮಷೀನ್ ಅವನದೇ’ ಎಂದಳು. ನೀನು ಕೊನೆಗೆ ಕೋನ್ ಬಿಗಿದದ್ದು ಮೀಸೆ ಬರುವ ಮೊದಲು. ಈ ಕಾಗದ ಕೈಸೇರಿದ ದಿನದಿಂದಲೇ ಅಭ್ಯಾಸ ಮಾಡು ಎಂದು ಹೇಳಬೇಕೋ ಬೇಡವೋ ನನಗೇ ತಿಳಿಯದು. ಅಮ್ಮ ಮಾತ್ರ ಜೋಡಿ ಬಿಗಿಯುವ ತಂತಿಯ ಸುರುಳಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದಾಳೆ.