ಹೊಸ ಪೆಟ್ಟಿಗೆಗೆ ಎಷ್ಟು ಮೆಮೊರಿ

ಸೋಮವಾರ, ಮಾರ್ಚ್ 3. ಬೆಳಿಗ್ಗೆ 9.40
ಕಾಫಿ ಆಯಿತು. ಹಳೆ ಮೆಷಿನ್‌ಗಳ ಮೇಲೆ ಶ್ರದ್ಧಾಂಜಲಿ ಫಲಕ ಅಂಟಿಸಿದ್ದೂ ಆಯಿತು — ‘ಬಂಧುಮಿತ್ರರು ಹೂಗುಚ್ಛ ತರಬಾರದಾಗಿ ವಿನಂತಿ, ಫ್ಯಾನ್‌ಗೆ ಸಿಕ್ಕಿಕೊಳ್ಳುತ್ತದೆ.’ ಶಿಫ್ಟ್ ನೋಡಿಕೊಳ್ಳುವ ಅಕ್ಕ ನಕ್ಕಳು. ಮ್ಯಾನೇಜರ್ ಗಂಭೀರಪ್ಪನವರು ನಗಲಿಲ್ಲ. (ಹೆಸರು ನಾನಿಟ್ಟದ್ದು. ಅವರಮ್ಮ ಇಟ್ಟದ್ದು ಇಷ್ಟು ಒಪ್ಪುವುದಿಲ್ಲ.)

ಭಾನುವಾರದ ಪ್ಲಾನ್ ಬಂತು. ಊರಿನ ಆಸ್ಪತ್ರೆಗಳ ಔಷಧಿ ಚೀಟಿಯೆಲ್ಲ ನಮ್ಮ ದೈತ್ಯ ಕಂಪ್ಯೂಟರುಗಳಾದ ಮೇನ್‌ಫ್ರೇಮ್‌ಗಳಲ್ಲಿ. ಅವುಗಳ ನಡುವೆ ಎರಡು ಪೆಟ್ಟಿಗೆ. ಎಲ್ಲವೂ ಹಂಚಿಕೊಳ್ಳುವ ಮಾಹಿತಿ ಅಲ್ಲಿ. ಒಂದು ಮಲಗಿದರೆ ಇನ್ನೊಂದು ಪೂರಾ ಹೊರಬೇಕು. ಭಾನುವಾರ ಎರಡೂ ಬದಲಾಗಲಿವೆ. ಹೊಸದಕ್ಕೆ ಎಷ್ಟು ಮೆಮೊರಿ? ಗಂಭೀರಪ್ಪನವರು ಹಳೆಯದರ ಅಳತೆಯನ್ನೇ ಎತ್ತಿಟ್ಟಿದ್ದಾರೆ.

ಮಂಗಳವಾರ, 4
ಲೆಕ್ಕ ಹಾಕಿದೆ. ಸಾಲದು. ಹೊಸ ಪೆಟ್ಟಿಗೆಯ ಒಳಗಿನ ಕೋಡ್ ಮೈ ಬೆಳೆಸಿಕೊಂಡಿದೆ — ಅದೇ ಮಾಹಿತಿಗೆ ಹೆಚ್ಚು ಜಾಗ ತಿನ್ನುತ್ತದೆ. ಎರಡೂ ಎದ್ದಿರುವಾಗ ಗೊತ್ತಾಗುವುದಿಲ್ಲ. ಒಂದು ಮಲಗಿದ ದಿನ ಗೊತ್ತಾಗುತ್ತದೆ... ಅವತ್ತು ನರ್ಸ್ ಕೈಯಲ್ಲಿ ಚೀಟಿ ಇರುವುದಿಲ್ಲ.

ಹೋಗಿ ಹೇಳಿದೆ. ಗಂಭೀರಪ್ಪನವರು ತಲೆ ಎತ್ತಲಿಲ್ಲ. ‘ಹೋದ ತಿಂಗಳು ಮೆಷಿನ್‌ಗೆ ಬೆಂಕಿ ಬಿತ್ತು ಅಂತ ಸುಳ್ಳು ಹೇಳಿದೆ ನೀನು. ಬರೀ ಸಾಕ್ಸಲ್ಲಿ ಮೂರು ಮಹಡಿ ಇಳಿದೆ ನಾನು. ಈಗ ಮೆಮೊರಿ ಸಾಲಲ್ಲ ಅಂತೀಯ.’

ಮಾಡಿದ್ದುಣ್ಣೋ ಮಹಾರಾಯ.

ಗುರುವಾರ, 6
ನಿನ್ನೆ ಬರೆಯಲಿಲ್ಲ. ಮುನಿಸಿಕೊಂಡಿದ್ದೆ.

ಇವತ್ತು ಟೈ ಕಟ್ಟಿಕೊಂಡು ಅವರ ಮುಂದೆ ನಿಂತೆ. (ಅಪ್ಪನ ಮದುವೆಯ ಟೈ.) ಹೊಸ ಪೆಟ್ಟಿಗೆಗಳು ಹೇಗೂ ಖಾಲಿ ಕೂತಿವೆ; ನಿಮ್ಮ ಅಳತೆಯಂತೆಯೇ ಸುಳ್ಳು ಮಾಹಿತಿ ತುಂಬಿ, ಒಂದನ್ನು ಮಲಗಿಸಿ ನೋಡೋಣ ಎಂದೆ. ನನ್ನ ಮಾತು ಸುಳ್ಳಾದರೆ ಈ ಜನ್ಮದಲ್ಲಿ ಕುಚೇಷ್ಟೆ ಇಲ್ಲ.

‘ನಿಜ ಆದ್ರೆ?’

‘ಆದ್ರೂ ಇಲ್ಲ ಸರ್.’

‘ಬರೆಸಿಕೊಳ್ಳಿ ಸರ್, ಇವನು ಮರೀತಾನೆ’ ಎಂದಳು ಅಕ್ಕ. ಮನೆಮುರುಕಿ.

ಶುಕ್ರವಾರ, 7. ಸಂಜೆ
ಒಂದನ್ನು ಮಲಗಿಸಿದೆವು. ಇನ್ನೊಂದು ಅದರ ಮಾಹಿತಿಯ ಕಂತೆಗಳನ್ನು ಒಂದೊಂದಾಗಿ ಹೊತ್ತುಕೊಳ್ಳುತ್ತ ಬಂತು. ಕೊನೆಯ ದೊಡ್ಡದಕ್ಕೆ — ಔಷಧಿಯದ್ದಕ್ಕೇ — ಜಾಗವಿಲ್ಲ. ಕೆಂಪು ಸಾಲು. ನಾನು ಟೈ ಸರಿಮಾಡಿಕೊಂಡೆ. ಅಷ್ಟೆ.

ಗಂಭೀರಪ್ಪನವರು ಆ ಸಾಲನ್ನು ಎರಡು ಸಲ ಓದಿದರು. ಪಕ್ಕಕ್ಕೆ ಕುರ್ಚಿ ಎಳೆದು ಕೂತರು. ‘ಎಷ್ಟು ಕೊಡೋಣ?’

ಹೇಳಿದೆ. ಅಷ್ಟೇ ಬರೆದರು. ಮೇಲೆ ಉಸಿರಾಡಲು ಇನ್ನಷ್ಟು.

ಭಾನುವಾರ, 9. ಬೆಳಿಗ್ಗೆ 11.15
ಎರಡೂ ಹೊಸದು. ಕೊನೆಯ ಪರೀಕ್ಷೆ ಗಂಭೀರಪ್ಪನವರಿಗೆ ಬಿಟ್ಟು, ಮೇಲೆ ಕ್ಯಾಂಟೀನಿನಲ್ಲಿ ಶೂ ಬಿಚ್ಚಿ ಕಾಲು ಚಾಚಿದ್ದೆ, ಗೆದ್ದ ರಾಜನ ಹಾಗೆ. ಫೋನ್. ಗಂಭೀರಪ್ಪನವರು, ಸತ್ತ ದನಿ — ‘ಜಾಗ ಸಾಲಲಿಲ್ಲ ಮರಿ. ಬೇಗ ಬಾ.’

ಓಡಿದೆ. ಮೂರು ಮಹಡಿ.

ಪರದೆಯೆಲ್ಲ ಹಸಿರು. ಒಂದು ಮಲಗಿದೆ, ಇನ್ನೊಂದು ಆರಾಮಾಗಿ ಹೊತ್ತು ನಿಂತಿದೆ. ಅಕ್ಕ ಮುಖ ಮುಚ್ಚಿಕೊಂಡಿದ್ದಳು. ಗಂಭೀರಪ್ಪನವರು ನನ್ನ ಕಾಲು ನೋಡಿದರು. ‘ಸಾಕ್ಸ್ ತೂತಾಗಿದೆ ನೋಡಪ್ಪ.’ ಆಮೇಲೆ ನಕ್ಕರು. ಹಲ್ಲಿವೆ ಅವರಿಗೆ.

ಪ್ರತಿಜ್ಞೆ ಪ್ರತಿಜ್ಞೆಯೇ. ಕೊಟ್ಟ ಮಾತಿಗೆ ತಪ್ಪುವ ವಂಶವಲ್ಲ ನಮ್ಮದು. ಆದರೆ ಅವರ ಮೌಸ್ ಅಡಿಗೆ, ಬಾಣ ಕದಲದ ಹಾಗೆ, ಚೂರೇ ಚೂರು ಟೇಪ್ —