ಬಿಳಿ ಹೊಲದ ಜೋಡಿಗೆರೆ

ತಾ. ೧೨, ಶುಕ್ರವಾರ
ಪ್ರೆಸ್ಸಿನ ಹಿಂದಿನ ಕೋಣೆ

ಪ್ರೀತಿಯ ದೊಡ್ಡಪ್ಪನಿಗೆ,

ಹದಿನಾಲ್ಕು ಮನೆಗಳ ದಾರಿಯನ್ನು ಒಬ್ಬ ಮನುಷ್ಯ ಮುಳ್ಳುತಂತಿ ಎಳೆದು ಮುಚ್ಚಿದ್ದಾನೆ. ಕಚೇರಿಯವರು ಅದನ್ನು ಸರಿ ಎಂದಿದ್ದಾರೆ.

ನಮಸ್ಕಾರಕ್ಕೆ ಮೊದಲೇ ಜಗಳ ತಂದೆನೆಂದು ನಗಬೇಡಿ. ನಿಮಗೂ ದೊಡ್ಡಮ್ಮನಿಗೂ ನಮಸ್ಕಾರಗಳು. ಆಪರೇಷನ್ ಆದ ಮೇಲೆ ಪೇಪರಿನ ಸಣ್ಣಕ್ಷರವನ್ನೂ ಕನ್ನಡಕವಿಲ್ಲದೆ ಓದುತ್ತೀರಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಹಾಗಿದ್ದರೆ ನನ್ನ ಕೋಳಿಕಾಲಿನ ಬರಹಕ್ಕೂ ಹೆದರಬೇಕಿಲ್ಲ. ಎರಡು ತಿಂಗಳು ಕಾಗದ ಹಾಕಲಿಲ್ಲ, ತಪ್ಪಾಯಿತು. ಪ್ರೆಸ್ಸಿನಲ್ಲಿ ಕೆಲಸವಿತ್ತು ಎಂದರೆ ಅರ್ಧ ನಿಜ. ಉಳಿದರ್ಧ ಏನೆಂದರೆ, ಈ ವಾರ ಎರಡು ಸಲ ಬರೆದು ಎರಡು ಸಲ ಹರಿದೆ. ಇದು ಮೂರನೆಯದು.

ಮೇಲಿನ ಕೇರಿಯಿಂದ ಬಸ್ಸಿನ ರಸ್ತೆಗೆ ಇಳಿಯುವ ದಾರಿ ನಿಮಗೆ ನೆನಪಿರಬೇಕು. ನಡುವೆ ಬಾವಿ, ಬಾವಿಯ ಕೆಳಗೆ ಬಿಳಿ ಹೊಲ. ಇಳಿಯಲು ಇಪ್ಪತ್ತು ನಿಮಿಷ. ಮೂರು ತಿಂಗಳ ಹಿಂದೆ ಕ್ರಷರ್ ಯಜಮಾನ ಆ ಹೊಲ ಕೊಂಡ, ತಂತಿ ಹಾಕಿದ, ಬೋರ್ಡು ನೆಟ್ಟ. ಈಗ ಶಾಲೆಯ ಮಕ್ಕಳು, ಕೂಲಿಗೆ ಹೋಗುವವರು ಎಲ್ಲರೂ ಕಲ್ಲಿನ ಲಾರಿಗಳ ರಸ್ತೆಯಲ್ಲಿ ಐದು ಕಿಲೋಮೀಟರ್ ಸುತ್ತಬೇಕು. ಮಕ್ಕಳು ಹುಬ್ಬು ರೆಪ್ಪೆಗೆಲ್ಲ ಧೂಳು ಮೆತ್ತಿಕೊಂಡು ಶಾಲೆ ಸೇರುತ್ತವೆ.

ಈ ಸುದ್ದಿ ನನಗೆ ತಂದವರು ಟೈಲರ್ ಅಕ್ಕ. ಮೇಲಿನ ಕೇರಿಯವರು, ಗಂಡ ಇಲ್ಲ, ಮಗ ದೂರದಲ್ಲಿ ಕೆಲಸಕ್ಕಿದ್ದಾನೆ, ಮನೆಯಲ್ಲಿರುವ ಸೊಸೆಗೆ ಎಂಟು ತಿಂಗಳು. ಮನವಿ ಪತ್ರ ಟೈಪ್ ಮಾಡಿಸಲು ಪ್ರೆಸ್ಸಿಗೆ ಬಂದರು. ನಾನೂ ಅವರ ಜೊತೆ ಕಚೇರಿಗೆ ಹೋದೆ. ಗುಮಾಸ್ತ ನಕ್ಷೆಯ ಹೊಸ ಹಾಳೆ ಬಿಡಿಸಿ, ಪೆನ್ಸಿಲಿನ ಹಿಂಬದಿಯಿಂದ ಕುಟ್ಟುತ್ತ ಕೇಳಿದ.

"ದಾರಿ ಎಲ್ಲಿದೆ ಇದರಲ್ಲಿ? ತೋರಿಸಮ್ಮ ನೋಡೋಣ."

"ನಾನೇನು ಕಾಗದದ ಮೇಲೆ ನಡೆದು ಬಂದ್ನಾ ಸ್ವಾಮಿ? ನೆಲದ ಮೇಲೆ ನಡೆದು ಬಂದಿದೀನಿ," ಎಂದರು ಟೈಲರ್ ಅಕ್ಕ.

"ಕಾಗದದಲ್ಲಿ ಇಲ್ಲದಿದ್ರೆ ನೆಲದಲ್ಲೂ ಇಲ್ಲ."

ನಿಜಕ್ಕೂ ಇರಲಿಲ್ಲ. ಬಾವಿಯ ನೀಲಿ ಸುತ್ತು ಇತ್ತು, ಕೇರಿಯ ಮನೆಗಳು ಇದ್ದವು, ಅಲ್ಲಿಂದ ರಸ್ತೆಯವರೆಗೆ ಬರೀ ಬಿಳಿ ಕಾಗದ. ನಕ್ಷೆ ಬರೆಯುವವನ ಕೈಯಲ್ಲಿ ಬಡವರ ಕಾಲು ಇರುತ್ತದೆ ಎಂದು ಒಂದು ಕರಪತ್ರದಲ್ಲಿ ಓದಿದ್ದೆ. ಇಂಥ ಸಾಲು ಓದಿ ಹೇಳಿದಾಗೆಲ್ಲ ನೀವು "ಪಟಾಕಿ, ಮೊದಲು ಊಟ ಮಾಡು" ಎನ್ನುತ್ತಿದ್ದಿರಿ. ಅವತ್ತು ನನಗೆ ಊಟ ಸೇರಲಿಲ್ಲ.

ಆಗ ನೆನಪಾದದ್ದು ನಿಮ್ಮ ನಕ್ಷೆಗಳ ಟ್ರಂಕು. ಅಕ್ಕನ ಜೊತೆ ಇರಲು ನೀವು ಅವಳ ಊರಿಗೆ ಹೊರಟ ದಿನ "ಇವು ಗೆದ್ದಲಿಗೆ ಹೋಗೋ ಬದಲು ನಿನ್ನ ಹತ್ತಿರ ಇರಲಿ" ಎಂದು ಕೊಟ್ಟಿರಲ್ಲ, ಅದು. ಬಟ್ಟೆಗೆ ಅಂಟಿಸಿದ ಹಾಳೆಗಳನ್ನು ನೆಲದ ಮೇಲೆ ಹರಡಿದೆ. ನಮ್ಮ ಭಾಗದ್ದು ಮೂರು ಸಿಕ್ಕವು. ಎಪ್ಪತ್ತೊಂದು ವರ್ಷ ಹಳೆಯದರಲ್ಲಿ ಕೇರಿಯಿಂದ ರಸ್ತೆಯವರೆಗೆ ಜೋಡಿಗೆರೆ, ಎಂದರೆ ಗಾಡಿ ದಾರಿ. ಅದರ ನಂತರದ ಹಾಳೆಯಲ್ಲಿ ಜೋಡಿಗೆರೆ ಸವೆದು ಒಂಟಿ ತುಂಡುಗೆರೆಯಾಗಿದೆ, ಕಾಲುದಾರಿ. ಇಪ್ಪತ್ಮೂರು ವರ್ಷದ ಹಿಂದಿನ ಮೂರನೆಯದು ಕಚೇರಿಯಲ್ಲಿರುವ ಅದೇ ಹೊಸ ಹಾಳೆ. ಅದರಲ್ಲಿ ಏನೂ ಇಲ್ಲ.

ಅಕ್ಷರಕ್ಕಿಂತ ಮೊದಲು ನೀವು ನನಗೆ ನಕ್ಷೆಯಲ್ಲಿ ಗುಡ್ಡದ ಏರು ತೋರಿಸುವ ಕಂದುಗೆರೆ ಓದಲು ಕಲಿಸಿದಿರಿ. ಗೆರೆ ಒತ್ತೊತ್ತಾಗಿದ್ದರೆ ಏದುಸಿರು, ದೂರ ದೂರವಿದ್ದರೆ ಹಾಡಿಕೊಂಡು ಹೋಗಬಹುದು ಎಂದಿರಿ. ಕೂತು ನೋಡಿದ ನಕ್ಷೆ ಅರ್ಧ ನಕ್ಷೆ, ಎದ್ದು ನಡಿ ಎಂದೂ ನೀವೇ ಹೇಳಿದ್ದು. ಹಾಗಾಗಿ ಮೂರು ಭಾನುವಾರ ನಡೆದೆವು: ನಾನು, ಟೈಲರ್ ಅಕ್ಕ, ಮತ್ತೆ ಪೋಸ್ಟ್ ತಾತ. ತಾತ ಆ ದಾರಿಯಲ್ಲಿ ಮೂವತ್ತು ವರ್ಷ ಅಂಚೆಚೀಲ ಹೊತ್ತವರು, ಈಗ ಕೋಲು ಹಿಡಿದಿದ್ದಾರೆ. ಆದರೂ ನನಗಿಂತ ಮುಂದೆ.

ದೊಡ್ಡಪ್ಪ, ಆ ಮೊದಲ ಹಾಳೆ ಬರೆದವನಿಗೆ ಎಷ್ಟು ಸಲ ಮನಸ್ಸಿನಲ್ಲೇ ಕೈ ಮುಗಿದೆನೋ! ಮೋಟಾರಿಲ್ಲ, ವಿಮಾನವಿಲ್ಲ, ಹೆಗಲ ಮೇಲೆ ಸರ್ವೆಯ ಮೇಜು ಹೊತ್ತು ಗುಡ್ಡ ಹತ್ತಿದ ಮನುಷ್ಯ. ಒಂದು ಒಂಟಿ ಮರವನ್ನೂ ಬಿಟ್ಟಿಲ್ಲ. ಮರ ಈಗಿಲ್ಲ, ಅವನು ಗುರುತು ಹಾಕಿದ ಜಾಗದಲ್ಲೇ ಬುಡದ ಗುಳಿ ಇದೆ. ಬಿಳಿ ಹೊಲದ ಅಂಚಿನಲ್ಲಿ ಅವನು ಸಣ್ಣ ಅಕ್ಷರದಲ್ಲಿ 'ಸುಣ್ಣದ ಗೂಡು' ಎಂದು ಬರೆದಿದ್ದಾನೆ. ಆ ಮಣ್ಣು ಯಾಕೆ ಬಿಳಿ ಎಂದು ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಪ್ಪು ಏರಿದೆ ಎಂದುಕೊಂಡಿದ್ದರು. ತಂತಿಯ ಈಚೆಗೆ ಪೊದೆ ಸರಿಸಿ ಕೆದಕಿದರೆ ಸುಟ್ಟ ಇಟ್ಟಿಗೆ, ಗಾಜಿನಂತೆ ಕರಗಿ ಹೊಳೆಯುವುದು. ಆ ಗೂಡಿನ ಸುಣ್ಣವೇ ಕೆಳಗಿನ ಪೇಟೆಯ ಹಳೆಯ ಗೋಡೆಗಳಿಗೆಲ್ಲ ಹೋಗಿರಬೇಕು. ಸಿಮೆಂಟು ಬಂತು, ಗೂಡು ಆರಿತು, ಗಾಡಿ ನಿಂತಿತು, ಜೋಡಿಗೆರೆ ಒಂಟಿಯಾಯಿತು. ಒಂದು ಊರಿನ ಕಥೆಯನ್ನು ಎರಡು ಗೆರೆಯಲ್ಲಿ ಹೇಳುವವರು ಬೇರೆ ಯಾರಿದ್ದಾರೆ?

ಬಾವಿಯ ಮೇಲಿನ ಬಂಡೆಯನ್ನು ಗುಡಿಸಿದಾಗ ಚಕ್ರದ ಗೀರುಗಳು ಸಿಕ್ಕವು. ಎರಡು, ಉದ್ದಕ್ಕೆ, ಗೇಣು ಆಳ. ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟೆ. ಜೋಡಿಗೆರೆ ತಿರುಗಿದ ಕಡೆಗೇ ಕಲ್ಲೂ ತಿರುಗಿತ್ತು.

ಕೇರಿಯ ಕಪ್ಪು ಚೌಕಗಳನ್ನು ಎಣಿಸಿದೆವು. ಮೊದಲ ಹಾಳೆಯಲ್ಲಿ ಮೂವತ್ತೊಂದು ಮನೆ, ಈಗ ಹದಿನಾಲ್ಕು. ಟೈಲರ್ ಅಕ್ಕ ಒಂದು ಚೌಕದ ಮೇಲೆ ಬೆರಳಿಟ್ಟರು.

"ಇದು ನಮ್ಮಜ್ಜಿ ಮನೆ ಅಲ್ವಾ? ಬಾವಿಯಿಂದ ಮೂರನೇದು."

"ಆ ಚುಕ್ಕೇನಾ?" ಎಂದೆ.

"ಚುಕ್ಕೆ ಅಂತೀಯಲ್ಲೇ! ಏಳು ಮಕ್ಕಳು ಹುಟ್ಟಿದ್ದು ಅದರೊಳಗೆ."

ಪೋಸ್ಟ್ ತಾತ ನಕ್ಕು, "ಏಳಕ್ಕೂ ನಾನೇ ಕಾಗದ ಕೊಟ್ಟಿದೀನಿ. ಒಬ್ಬನೂ ನನಗೆ ಒಂದು ಕಾರ್ಡು ಬರೀಲಿಲ್ಲ" ಎಂದರು.

ಇಳಿದು ಬಂದಾಗ ನನ್ನ ಚಪ್ಪಲಿ, ಪಾದ, ಸೀರೆಯ ಅಂಚು ಎಲ್ಲ ಬೆಳ್ಳಗೆ. ಅಮ್ಮ ನೋಡಿ ಗಾಬರಿಯಾಗಿ, ಆಮೇಲೆ ನಗತೊಡಗಿದಳು. "ನಿನ್ನ ದೊಡ್ಡಪ್ಪ ಆಸ್ಪತ್ರೆಗೆ ಓಡಿ ಬಂದಿದ್ದೂ ಹೀಗೇ" ಎಂದಳು. ನೂರು ಸಲ ಕೇಳಿದ ಕಥೆ. ನಾನು ಹುಟ್ಟುವಾಗ ಅಪ್ಪ ಲಾರಿಯಲ್ಲಿ ಎರಡು ದಿನದ ದೂರದಲ್ಲಿದ್ದರು, ಅಮ್ಮನಿಗೆ ರಕ್ತ ಬೇಕಾಗಿತ್ತು. ನೀವು ಸರ್ವೆ ಬಿಟ್ಟು ಓಡಿ ಬಂದು ತೋಳು ಚಾಚಿದಿರಿ. ಬೂಟು ಸುಣ್ಣದಲ್ಲಿ ಅದ್ದಿದ ಹಾಗಿದ್ದದ್ದಕ್ಕೆ ನರ್ಸು ಬೈದಳು. ಅಮ್ಮ ಆ ಬೈಗುಳವನ್ನು ಇಂದಿಗೂ ನರ್ಸಿನ ದನಿಯಲ್ಲೇ ಹೇಳುತ್ತಾಳೆ.

ಮೂರು ಹಾಳೆ, ಗೀರುಗಳ ಫೋಟೋ, ಇಟ್ಟಿಗೆಯ ತುಂಡು ಎಲ್ಲ ಹೊತ್ತು ಮತ್ತೆ ಕಚೇರಿಗೆ ಹೋದೆವು. ಈ ಸಲ ದೊಡ್ಡ ಅಧಿಕಾರಿಯೇ ಸಿಕ್ಕರು. ಒಳ್ಳೆಯ ಮನುಷ್ಯರು, ನಾನು ಜಗಳಕ್ಕೆ ಸಿದ್ಧವಾಗಿ ಹೋಗಿದ್ದಕ್ಕೆ ನಾಚಿಕೆಯಾಯಿತು. ಹಾಳೆಗಳನ್ನು ನಿಮ್ಮ ಹಾಗೆಯೇ, ಅಂಗೈಯಿಂದ ಸವರಿ ನೋಡಿದರು.

"ಚೆನ್ನಾಗಿ ನಡೆದಿದೀಯಮ್ಮ. ಆದರೆ ಇವು ಹಿಂದೆ ದಾರಿ ಇತ್ತು ಅಂತ ಹೇಳ್ತವೆ. ಈ ಹೊಸ ಹಾಳೆಗೆ ಯಾರೋ ನಡೆದು ನೋಡಿ ಇಲ್ಲ ಅಂದಿದ್ದಾರೆ. ನಾನು ಯಾವುದನ್ನ ನಂಬಲಿ?"

"ಯಾರು ಸಾರ್ ಅವರು?"

"ಹೆಸರು ನಮ್ಮ ಹತ್ತಿರ ಉಳಿದಿಲ್ಲ. ಆ ಮನುಷ್ಯ ಬದುಕಿದ್ದು, ಬಂದು, ನಾನು ತಪ್ಪು ಬರೆದೆ ಅಂದರೆ ಹಾಳೆ ತಿದ್ದೋಕೆ ನನಗೆ ಒಂದು ದಿನ ಸಾಕು."

ಗುರುವಾರ ಅವರೇ ಸ್ಥಳ ನೋಡಲು ಬರುತ್ತಾರೆ. ಕ್ರಷರ್ ಯಜಮಾನನ ವಕೀಲರೂ ಬರುತ್ತಾರೆ. ಅವತ್ತು ಬರೆದದ್ದೇ ಕೊನೆ.

ಸಿಟ್ಟಿನಲ್ಲಿ ನಾನು ಅಂದೇ ಒಂದು ಕರಪತ್ರ ಬರೆದು, ಅಚ್ಚು ಹಾಕಿ, ಇನ್ನೂರು ಪ್ರತಿ ತೆಗೆದೆ. 'ಕುರ್ಚಿ ಬಿಟ್ಟು ಏಳದ ಸೋಮಾರಿಯೊಬ್ಬ ಹದಿನಾಲ್ಕು ಮನೆಗಳ ದಾರಿ ಅಳಿಸಿದ. ಆ ಕೈ ಯಾರದು?' ಎಂದು ದಪ್ಪಕ್ಷರದಲ್ಲಿ. ಕಟ್ಟು ಈಗ ನನ್ನ ಮೇಜಿನ ಕೆಳಗಿದೆ. ಒಂದನ್ನೂ ಹಂಚಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಅಪ್ಪನ ಬೆನ್ನುನೋವು ಕಡಿಮೆ. ದೊಡ್ಡಮ್ಮನಿಗೆ ಮೆಟ್ಟಿಲು ನಿಧಾನ ಇಳಿಯಲು ಹೇಳಿ. ಎಂದಿನಂತೆ ನನ್ನ ತಲೆಯ ಮೇಲೆ ಕೈಯಿಟ್ಟಿದ್ದೀರಿ ಎಂದುಕೊಂಡೇ ಈ ಕಾಗದ ಮುಗಿಸುತ್ತೇನೆ. ಆ ಕೈ ನೂರು ವರ್ಷ ಹೀಗೇ ಇರಲಿ.

ನಿಮ್ಮ ಮಗಳು,
ಪಟಾಕಿ

ಮರೆತೆ ಎಂದು ಬರೆಯುವುದಿಲ್ಲ, ಮರೆತಿಲ್ಲ. ಹರಿದ ಎರಡೂ ಕಾಗದ ಹರಿದದ್ದು ಇಲ್ಲಿಗೆ ಬಂದು.

ಆ ಸೋಮಾರಿಯ ಹೆಸರು ಹುಡುಕಲೆಂದೇ ಟ್ರಂಕಿನ ತಳ ಬಗೆದೆ. ನಿಮ್ಮ ಕ್ಯಾನ್ವಾಸ್ ರಟ್ಟಿನ ನೋಟ್‌ಬುಕ್ ಸಿಕ್ಕಿತು. 'ಮೇಲಿನ ಕೇರಿ, ಬಾವಿಯಿಂದಾಚೆ. ನಡೆದು ನೋಡಿದೆ. ದಾರಿ ಇಲ್ಲ.' ನಿಮ್ಮ ಅಕ್ಷರ, ನಿಮ್ಮ ಸಹಿ. ಬಾವಿಯ ಮೇಲೆ ದಾರಿ ಇಲ್ಲವೆಂದ ಮೇಲೆ ಕೆಳಗಿನ ತುಂಡನ್ನೂ ಕಚೇರಿಯವರು ಬಿಟ್ಟಿರಬೇಕು. ಅದರ ಮೇಲಿನ ತಾರೀಖು ನನ್ನ ಹುಟ್ಟಿದ ದಿನ.

ಮರುದಿನ ಪೋಸ್ಟ್ ತಾತನನ್ನು ಕೇಳಿದೆ. ನಾನು ಯಾರ ಮಗಳೆಂದು ಅವರಿಗೆ ಹೇಳಲಿಲ್ಲ. "ನಕ್ಷೆಯವರು ಬಂದಿದ್ರಲ್ಲ! ಬಾವಿ ಹತ್ತಿರ ನಾನೇ ಟೆಲಿಗ್ರಾಂ ಕೊಟ್ಟೆ. ಓದಿದ್ರು, ಮೇಜನ್ನೂ ಮಡಚದೆ ಬಿಳಿ ಹೊಲದ ಮೇಲೆ ಎದ್ದು ಬಿದ್ದು ಓಡಿದ್ರು. ಮೇಲಕ್ಕೆ ಬರಲೇ ಇಲ್ಲ. ಯಾರಿಗೆ ಏನಾಗಿತ್ತೋ ಪಾಪ, ಇವತ್ತಿಗೂ ಗೊತ್ತಿಲ್ಲ," ಎಂದರು.

ನೀವು ನಿಂತ ಜಾಗದಲ್ಲಿ ನಾನೂ ನಿಂತೆ. ಅಲ್ಲಿಂದ ಮೇಲೆ ನೋಡಿದರೆ ದಾರಿ ಬಂಡೆಯ ಹಿಂದೆ ಹೊರಳಿ ಮರೆಯಾಗುತ್ತದೆ. ಅಲ್ಲಿಗೇ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಒಂದು ಸಾಲು ಖಾಲಿ ಬಿಟ್ಟರೆ ಇಡೀ ಹಾಳೆ ವಾಪಸು ಬರುತ್ತಿತ್ತು ಎಂದು ನೀವೇ ಹೇಳುತ್ತಿದ್ದಿರಿ. ಆಸ್ಪತ್ರೆಯ ಬೆಂಚಿನ ಮೇಲೆ ಬರೆದಿರಾ? ಒಂದು ತೋಳಿನಿಂದ ರಕ್ತ ಕೊಟ್ಟು ಇನ್ನೊಂದು ಕೈಯಲ್ಲಿ ಬರೆದಿರಾ? ಅಕ್ಷರ ಸ್ವಲ್ಪ ಓರೆಯಾಗಿದೆ.

ನೋಟ್‌ಬುಕ್ಕನ್ನು ಮತ್ತೆ ತಳದಲ್ಲೇ ಇಟ್ಟುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎದ್ದು ನಡಿ ಎಂದು ನನಗೆ ಹೇಳಿಕೊಟ್ಟ ಮನುಷ್ಯ ನಡೆಯದೆ ಬರೆದ ಸಾಲು ಅದೊಂದೇ, ಮತ್ತು ಅದು ನನಗಾಗಿ. ಅಮ್ಮನೂ ನಾನೂ ಉಳಿದೆವು, ಮೇಲಿನ ಕೇರಿಯವರ ದಾರಿ ಹೋಯಿತು. ಇದನ್ನು ಟೈಲರ್ ಅಕ್ಕನ ಮುಖ ನೋಡಿ ಹೇಗೆ ಹೇಳಲಿ? ಸೋಮಾರಿ ಎಂದು ಅಚ್ಚು ಹಾಕಿದ ನನ್ನ ಕೈಯನ್ನು ಏನು ಮಾಡಲಿ? ಆ ಇನ್ನೂರು ಹಾಳೆಗಳ ಹಿಂಬದಿ ಖಾಲಿ ಇದೆ, ನೀವು ಬಂದು ಹೇಳಿದ್ದನ್ನು ಅದರ ಮೇಲೆ ಅಚ್ಚು ಹಾಕಬೇಕೆಂದು ಆಸೆ.

ಬನ್ನಿ ದೊಡ್ಡಪ್ಪ. ಬೈಯಲು ಕರೆಯುತ್ತಿಲ್ಲ. ಬಾವಿಯಿಂದಾಚೆಗೆ ಉಳಿದ ಆ ನಡಿಗೆಯನ್ನು ನಾವಿಬ್ಬರೂ ಸೇರಿ ನಡೆಯೋಣ, ಅಧಿಕಾರಿ ಹಿಂದೆ ಬರಲಿ. ಗುರುವಾರ, ಹದಿನೆಂಟನೇ ತಾರೀಖು, ಬೆಳಿಗ್ಗೆ ಒಂಬತ್ತೂವರೆಯ ಬಸ್ಸಿಗೆ ತಿರುವಿನಲ್ಲಿ ನಿಂತಿರುತ್ತೇನೆ. ಹತ್ತು ಗಂಟೆಗೆ ಬಾವಿಯ ಹತ್ತಿರ. ಹಳೆಯ ಬೂಟು ಹಾಕಿಕೊಂಡು ಬನ್ನಿ.