ಒಲೆ ಹೊತ್ತಿಸಿದವರ ಕೋಣೆ

ಗುರುವಾರ, ಮಧ್ಯಾಹ್ನ

ಅಮ್ಮಾ,

ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ನೀನು ಸ್ನಾನ ಮಾಡುವುದಿಲ್ಲ ಎಂಬುದು ನನಗೆ ಗೊತ್ತು. ಏಳನೇ ಕ್ಲಾಸಿನಲ್ಲಿ ಇದ್ದಾಗಿನಿಂದ ಗೊತ್ತು. ಆಗ ಬಾಗಿಲಿನ ಕೆಳಗಿನ ಹಲಗೆ ಸೀಳಿತ್ತಲ್ಲ, ಅದರ ಸಂದಿಯಲ್ಲಿ ನೋಡಿದ್ದೆ. ನೀನು ಬಕೆಟ್ ಬೋರಲು ಹಾಕಿ, ಉಟ್ಟ ಬಟ್ಟೆಯಲ್ಲೇ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅಳುತ್ತಿರಲಿಲ್ಲ. ಅಳುತ್ತಿದ್ದರೆ ನಾನು ಅಪ್ಪನನ್ನೋ ಅಣ್ಣನನ್ನೋ ಕರೆಯುತ್ತಿದ್ದೆ. ನೀನು ಸುಮ್ಮನೆ ಕೂತಿದ್ದೆ, ಅಷ್ಟೇ. ಹೊರಗಿನಿಂದ ಯಾರು ಕೂಗಿದರೂ ನಲ್ಲಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನಬಹುದಲ್ಲ, ಅದಕ್ಕೆ.

ಇದನ್ನು ಯಾರಿಗೂ ಹೇಳಿಲ್ಲ. ನಿನಗೂ ಹೇಳಲಿಲ್ಲ. ಗೊತ್ತಾದರೆ ನೀನು ಆ ಬಕೆಟನ್ನೂ ಬಿಟ್ಟುಬಿಡುತ್ತೀಯ ಎಂದು ಹೆದರಿಕೆ.

ತಲುಪಿದ ದಿನವೇ ಬರೆಯುತ್ತೇನೆ ಎಂದು ಹೇಳಿ ಬಂದವಳು ಇಷ್ಟು ದಿನ ಸುಮ್ಮನಿದ್ದೆ, ಬೈಯಬೇಡ. ತಿರುಗಿ ತಿರುಗಿ ಕಾಲು ಬಿದ್ದುಹೋಗಿತ್ತು. ಕಾಲಿಗಿಂತ ಹೆಚ್ಚಾಗಿ, ಏನು ಬರೆಯಬೇಕು ಎಂಬುದು ನನ್ನಲ್ಲೇ ತೀರ್ಮಾನವಾಗಿರಲಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನ್ ಬಂದರೆ ಅಣ್ಣ ಸ್ಪೀಕರ್ ಹಾಕುತ್ತಾನೆ, ಅತ್ತಿಗೆ ಒಲೆ ಸಣ್ಣ ಮಾಡುತ್ತಾಳೆ, ಅಪ್ಪ ಟೀವಿಯ ಸದ್ದು ತಗ್ಗಿಸುತ್ತಾರೆ. ಇಲ್ಲಿಂದ ಸಂಜೆ ಹಾಲಿನ ವ್ಯಾನು ಇಳಿದು ಹೋಗುತ್ತದೆ. ನಿಮ್ಮ ಆಸ್ಪತ್ರೆಯ ಅಡುಗೆಮನೆಗೂ ಅದೇ ಹಾಲಂತೆ. ಬಟ್ಟೆ ಒಗೆಯುವ ವಿಭಾಗದ ದೊಡ್ಡಕ್ಕನ, ಅಂದರೆ ನಿನ್ನ, ಕೈಗೇ ಕೊಡಬೇಕು ಎಂದು ಡ್ರೈವರನಿಗೆ ಹೇಳಿದ್ದೇನೆ.

“ಏನಮ್ಮ, ಪ್ರೇಮಪತ್ರಾನಾ?” ಎಂದ.

“ಹೂಂ, ನಮ್ಮಮ್ಮನಿಗೆ” ಎಂದೆ.

ಇಸ್ತ್ರಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದು. ಮನೆಗೆ ಹೋಗುವ ಮೊದಲು ನೀನೊಬ್ಬಳೇ ತೀರ್ಮಾನ ಮಾಡಬೇಕು, ಅದಕ್ಕಾಗಿಯೇ ಈ ಪತ್ರ.

ಈ ತಿಂಗಳು ಮುಗಿದರೆ ನಿನ್ನ ಕೆಲಸವೂ ಮುಗಿಯುತ್ತದೆ. ಆಮೇಲೆ ನಿನ್ನನ್ನು ಏನು ಮಾಡಬೇಕೆಂದು ಎಲ್ಲರೂ ಆಗಲೇ ಹಂಚಿಕೊಂಡಿದ್ದಾರೆ. ಅತ್ತಿಗೆ ಕೆಲಸಕ್ಕೆ ಸೇರುತ್ತಾಳೆ, ಮಕ್ಕಳು ನಿನಗೆ. ಅಪ್ಪನಿಗೆ ಮಧ್ಯಾಹ್ನ ಬಿಸಿ ಊಟ. ಅವತ್ತು ಬಡಿಸುತ್ತಾ ಬಡಿಸುತ್ತಾ ನೀನು, “ನಾನು ಒಂದು ವರ್ಷ ಬೆಟ್ಟದ ಮೇಲೆ ಹೋಗಿ ಇರ್ತೀನಿ” ಎಂದಾಗ ಎಲ್ಲರೂ ನಕ್ಕಿದ್ದು ನೆನಪಿದೆಯಾ? “ಫ್ಯಾನ್ ಜೋರಾಗಿ ಹಾಕ್ಕೊಂಡು ಕೂತ್ಕೋ, ಅದೇ ಬೆಟ್ಟ” ಎಂದರು ಅಪ್ಪ. ಅಣ್ಣ, “ಅಮ್ಮನಿಗೆ ಎರಡು ದಿನ ರೆಸ್ಟ್ ಬೇಕು, ಸರಿ ಹೋಗ್ತಾಳೆ” ಎಂದ. ನೀನೂ ನಕ್ಕು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಮಾರನೆಯ ದಿನ ನನ್ನನ್ನು ಹಿತ್ತಲಿಗೆ ಕರೆದು, “ನೀನು ಹೋಗಿ ಕೋಣೆ ನೋಡ್ಕೊಂಡು ಬಾ. ಬೇರೆ ಯಾರು ಹೋದ್ರೂ ಬಣ್ಣ ಹಚ್ಚಿ ಹೇಳ್ತಾರೆ. ನಿನಗೆ ಅದು ಬರಲ್ಲ” ಎಂದೆ. ಹತ್ತನೇ ಕ್ಲಾಸು ಬಿಟ್ಟಮೇಲೆ ನನ್ನ ಬಗ್ಗೆ ಮನೆಯಲ್ಲಿ ಯಾರಾದರೂ ಹೇಳಿದ ಒಳ್ಳೆಯ ಮಾತು ಅದೊಂದೇ. ಎಲ್ಲಿಗೆ ಎಂದು ಕೇಳಿದವರಿಗೆ ಬೆಟ್ಟ ನೋಡಲು ಎಂದೆ. ತಿರುಗುವುದು ನನ್ನ ಜಾಯಮಾನ ಎಂದುಕೊಂಡು ಯಾರೂ ಮತ್ತೆ ಕೇಳಲಿಲ್ಲ.

ಸರಿ, ನೋಡಿದ್ದನ್ನು ಹೇಳುತ್ತೇನೆ. ಆಸ್ಪತ್ರೆಯವರ ಪ್ರವಾಸದಲ್ಲಿ ಬಂದಾಗ ನೀನು ನೋಡಿದ್ದು ಬಸ್ ನಿಲ್ಲುವ ಜಾಗ ಮಾತ್ರ. ಅದಕ್ಕೇ ನಾನು ಎಲ್ಲವನ್ನೂ ನೋಡಿಬಿಡಬೇಕೆಂದು ಹಟ ಹಿಡಿದು ತಿರುಗಿದೆ.

ಕೆರೆ ಫೋಟೋದಲ್ಲಿ ಇರುವಷ್ಟು ನೀಲಿ ಇಲ್ಲ. ನರ್ಸ್‌ಗಳ ಯೂನಿಫಾರ್ಮನ್ನು ವರ್ಷವಿಡೀ ಒಗೆದ ಮೇಲೆ ಉಳಿಯುತ್ತದಲ್ಲ, ಆ ಬಣ್ಣ. ದಡದಲ್ಲಿ ತುಳಿದು ನಡೆಸುವ ದೋಣಿಗಳಿವೆ, ಅರ್ಧಕ್ಕರ್ಧ ಕೆಟ್ಟಿವೆ. ಭಾನುವಾರ ಬಂದವರೆಲ್ಲ ಅಲ್ಲಿಯೇ ಕೂಗಾಡುತ್ತಾರೆ. ವಾರದ ದಿನ ಒಂದು ನಾಯಿ ಕಾವಲುಗಾರನ ಹಾಗೆ ನೀರಿಗೆ ಮುಖ ಮಾಡಿ ಮಲಗಿರುತ್ತದೆ, ಬೇರೆ ಯಾರೂ ಇಲ್ಲ.

ನೋಟದ ಬಂಡೆ ಎಂದು ಒಂದಿದೆ. ಅಲ್ಲಿಂದ ಏಳು ಬೆಟ್ಟ ಕಾಣುತ್ತವಂತೆ. ನಾನು ಮೂರು ಸಲ ಹತ್ತಿದೆ, ಮೂರು ಸಲವೂ ಮಂಜು. ಬಂಡೆಯ ಪಕ್ಕ ಚಹಾ ಮಾರುವವನು ಒಬ್ಬನಿದ್ದಾನೆ. “ನಿನ್ನೆ ಬರ್ಬೇಕಿತ್ತು ನೀವು, ಕನ್ನಡಿ ಥರ ಇತ್ತು” ಎಂದ.

“ನಿನ್ನೆನೂ ಬಂದಿದ್ದೆ” ಎಂದೆ.

“ಹಾಗಾದ್ರೆ ಮೊನ್ನೆ” ಎಂದು ಚಹಾ ಕೊಟ್ಟ. ಬಂದವರೆಲ್ಲ ಮಂಜಿಗೇ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡು ಇಳಿದು ಹೋಗುತ್ತಿದ್ದರು. ನನಗೆ ಏಳಲು ಬೇಸರವಾಗಿ ಸಂಜೆಯವರೆಗೆ ಅಲ್ಲೇ ಕೂತೆ.

ಜಲಪಾತಕ್ಕೆ ಪೈನ್ ಮರಗಳ ಒಳಗಿನಿಂದ ದಾರಿ. ಸೂಜಿಯೆಲೆ ಬಿದ್ದು ಬಿದ್ದು ನೆಲ ಹಾಸಿಗೆಯ ಹಾಗಿದೆ, ಹೆಜ್ಜೆ ಸದ್ದಾಗುವುದಿಲ್ಲ. ಜಲಪಾತ ದೊಡ್ಡದೇನಲ್ಲ. ಆದರೆ ಅದರ ಬುಡದಲ್ಲಿ ನಿಂತರೆ ಪಕ್ಕದವರು ಕಿರುಚಿದರೂ ಬಾಯಿ ಆಡುವುದು ಮಾತ್ರ ಕಾಣುತ್ತದೆ. ಅಲ್ಲಿ ಚಪ್ಪಟೆ ಕಲ್ಲೊಂದಿದೆ. ನಾನು ಅದರ ಮೇಲೆ ಬಹಳ ಹೊತ್ತು ಕೂತಿದ್ದೆ. ನಿನ್ನ ಬಚ್ಚಲಿನ ವಿಷಯ ಹೇಳಿಬಿಡಬೇಕು ಎಂದು ಮನಸ್ಸಾದದ್ದು ಅಲ್ಲಿಯೇ.

ಈಗ ಕೋಣೆಯ ವಿಷಯ. ಈ ಊರಿನ ಮುಕ್ಕಾಲು ಮನೆಗಳಿಗೆ ಬೀಗ. ಕೆಳಗೆ ಕೆಲಸಕ್ಕೆ ಹೋದವರು ಬೀಗದ ಕೈಗಳನ್ನೆಲ್ಲ ಒಬ್ಬ ಅಜ್ಜಿಯ ಹತ್ತಿರ ಬಿಟ್ಟು ಹೋಗಿದ್ದಾರೆ. ಎಲ್ಲರೂ ಅವರನ್ನು ಬೀಗದಜ್ಜಿ ಎನ್ನುತ್ತಾರೆ. ದಿನಕ್ಕೆ ಒಂದೊಂದು ಮನೆ ತೆಗೆದು, ಕಿಟಕಿ ಬಿಚ್ಚಿ, ಗಾಳಿಯಾಡಿಸಿ, ಮತ್ತೆ ಮುಚ್ಚುವುದು ಅವರ ಕೆಲಸ. ಹಾಗೆ ಮಾಡದಿದ್ದರೆ ಮನೆ ಒಳಗಿನಿಂದ ಕೊಳೆಯುತ್ತದಂತೆ. ಒಂದು ವರ್ಷ ಇರಲು ಯಾರಾದರೂ ಬಂದರೆ ಅಜ್ಜಿಯೇ ಕೋಣೆ ಕೊಡುತ್ತಾರೆ.

ನನಗೆ ಮಲಗಲು ಊರಿನ ಮೇಲ್ತುದಿಯ ಒಂದು ಕೋಣೆ ತೆಗೆದು ಕೊಟ್ಟರು. ಊಟ ಅವರ ಮನೆಯಲ್ಲೇ. “ಒಲೆ ಮಾತ್ರ ಮುಟ್ಬೇಡ ಮಗಳೇ” ಎಂದರು. ಬೆಂಕಿಗೆ ಹೆದರಿ ಹೇಳಿದರು ಎಂದುಕೊಂಡು ತಲೆ ಅಲ್ಲಾಡಿಸಿದೆ. ಬೆಳಗಿನ ಜಾವ ಚಳಿ ಎಂದರೆ ಹಲ್ಲಿಗೆ ಹಲ್ಲು ತಾಳ ಹಾಕುತ್ತಿತ್ತು. ಮೂಲೆಯಲ್ಲಿ ಸೌದೆ ಇತ್ತು. ಹೊತ್ತಿಸಿದೆ. ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ಬಾಗಿಲಲ್ಲಿ.

“ಹೊಗೆ ಕಂಡೆ. ಆಯ್ತು ಬಿಡು, ಒಂದು ವರ್ಷ ಈ ಕೋಣೆ ನಿಂದು.”

“ಅಯ್ಯೋ ಅಜ್ಜಿ, ಚಳಿ ಆಯ್ತು ಅಂತ ಹೊತ್ತಿಸಿದೆ, ಅಷ್ಟೇ.”

“ಚಳಿ ಆಗದೆ ಯಾರು ಹೊತ್ತಿಸ್ತಾರೆ?”

ಇಲ್ಲಿಯ ಪದ್ಧತಿಯೇ ಹಾಗಂತೆ. ಬೀಗ ಹಾಕಿದ ಮನೆಯ ಒಲೆಯನ್ನು ಯಾರು ಹೊತ್ತಿಸುತ್ತಾರೋ ಅವರು ಅದನ್ನು ವರ್ಷಕ್ಕೆ ಹಿಡಿದ ಹಾಗೆ. ಮಾತಿಲ್ಲ ಕತೆಯಿಲ್ಲ. ಹೊಗೆಗೂಡು ಇಡೀ ಊರಿಗೆ ಕಾಣುತ್ತದೆ, ಅದೇ ಸಾಕ್ಷಿ. ಇದೇ ಕೋಣೆ ಬೇಕೆಂದು ಗಂಡ ಹೆಂಡತಿ ಇಬ್ಬರು ಅವತ್ತೇ ಚೀಲ ಸಮೇತ ಬರುತ್ತಿದ್ದರಂತೆ. ಇಳಿಜಾರಿನ ಬುಡದಿಂದಲೇ ಹೊಗೆ ನೋಡಿ ತಿರುಗಿ ಹೋದರು. ಓಡಿ ಹೋಗಿ ಕರೆಯಲು ನೋಡಿದೆ. ಅಜ್ಜಿ ರಟ್ಟೆ ಹಿಡಿದು ನಿಲ್ಲಿಸಿದರು. ಇದು ನನಗಲ್ಲ, ನಮ್ಮಮ್ಮನಿಗಾಗಿ ನೋಡಲು ಬಂದದ್ದು ಎಂದೆ. “ನೀನು ಯಾರ ಪರವಾಗಿ ಹೊತ್ತಿಸಿದೆಯೋ ಅವರದ್ದು. ಬರ್ತಾಳಾ ಇಲ್ವಾ, ಅದನ್ನ ಹೇಳು” ಎಂದರು.

ಆ ರಾತ್ರಿ ನಿನಗೆ ಒಂದು ಪತ್ರ ಬರೆದೆ. ಇಳಿಜಾರಿದೆ, ನಿನ್ನ ಮಂಡಿ ತಡೆಯುವುದಿಲ್ಲ. ಚಳಿಯಿದೆ. ಕಾಡಿನಲ್ಲಿ ಜಿಗಣೆ. ಡಾಕ್ಟರು ವಾರಕ್ಕೊಮ್ಮೆ. ಹೀಗೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಓದಿದ್ದರೆ ನೀನು ಬರುವ ಆಸೆ ಬಿಡುತ್ತಿದ್ದೆ. ಬೆಳಿಗ್ಗೆ ಅದನ್ನು ಒಲೆಗೆ ಹಾಕಿದೆ. ಬರೀ ನಿಜಗಳನ್ನೇ ಸಾಲಾಗಿ ಜೋಡಿಸಿ ಮೋಸ ಮಾಡಬಹುದು ಎಂದು ಈ ವಯಸ್ಸಿಗೆ ಗೊತ್ತಾಯಿತು, ಸಂತೋಷವೇನಾಗಲಿಲ್ಲ. ಯಾಕೆ ಹಾಗೆ ಬರೆದೆ ಎಂಬುದನ್ನು ಧೈರ್ಯ ಬಂದರೆ ಕೊನೆಗೆ ಹೇಳುತ್ತೇನೆ.

ಆಮೇಲೆ ನಿನ್ನ ಹಾಗೆ ನಡೆದು ನೋಡಿದೆ. ರಸ್ತೆಯಿಂದ ಕೋಣೆಯವರೆಗೆ, ಕೈಯಲ್ಲಿ ಭಾರದ ಚೀಲ ಹಿಡಿದು, ನೀನು ನಿಲ್ಲುವಲ್ಲಿ ನಿಂತು, ನೀನು ಸೊಂಟಕ್ಕೆ ಕೈ ಕೊಡುವಲ್ಲಿ ಕೈ ಕೊಟ್ಟು. ಒಂದು ಮೇಕೆ ನಿಂತು ನೋಡುತ್ತಿತ್ತು. ಅರ್ಧ ದಾರಿಯಲ್ಲಿ ಮೋಟು ಗೋಡೆ ಸಿಗುತ್ತದೆ, ಕೂರಲು ಸರಿಯಾದ ಎತ್ತರ. ನಿಧಾನವಾಗಿ ಬಂದರೆ ನಿನ್ನ ಕೈಲಾಗುತ್ತದೆ. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಆಗುವುದಿಲ್ಲ. ಹೆಚ್ಚು ಬೇಕಾಗುವುದೂ ಇಲ್ಲ, ರೊಟ್ಟಿ ಹಾಲು ಮನೆ ಬಾಗಿಲಿಗೆ ಬರುತ್ತದೆ.

ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಪೂರ್ವಕ್ಕೆ ಕಿಟಕಿ. ಬಿಸಿಲು ಮೊದಲು ಮೇಜಿನ ಮೇಲೆ ಬೀಳುತ್ತದೆ. ಪಕ್ಕದ ಎರಡೂ ಮನೆಗಳಿಗೆ ಬೀಗ. ಅಲ್ಲಿ ನಿನ್ನನ್ನು ಯಾರೂ ಕೂಗುವುದಿಲ್ಲ.

ನಿನ್ನೆ ಅಜ್ಜಿಯ ಜೊತೆ ಮನೆಗಳನ್ನು ತೆಗೆಯಲು ಹೋಗಿದ್ದೆ. ಅವರ ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ನನ್ನ ಕೈಯಲ್ಲಿ ಪೊರಕೆ. ಒಂದು ಮನೆ, ಆಮೇಲೆ ಇನ್ನೊಂದು, ಎಲ್ಲಿಯೂ ಹೆಚ್ಚು ಹೊತ್ತು ನಿಲ್ಲುವಂತಿಲ್ಲ. ಒಂದೇ ಕಡೆ ಕೂರಲಾಗದ ನನಗೆ ಇಂಥ ಕೆಲಸವೂ ಲೋಕದಲ್ಲಿದೆ ಎಂದು ಗೊತ್ತಿರಲಿಲ್ಲ. ಒಂದು ಮನೆಯಲ್ಲಿ ಪೆಟ್ಟಿಗೆಯ ಬೆಡ್‌ಶೀಟುಗಳನ್ನು ಬಿಸಿಲಿಗೆ ಹಾಕಿದ್ದೆವು. ಸಂಜೆ ಇಬ್ಬರೂ ತುದಿ ಹಿಡಿದು ಮಡಿಸುವಾಗ ನಾನು ನೀನು ಕಲಿಸಿದ ಹಾಗೆ ಝಾಡಿಸಿ, ಮೂಲೆಗೆ ಮೂಲೆ ಕೂಡಿಸಿದೆ. ಅಜ್ಜಿ ಕೈ ನಿಲ್ಲಿಸಿ ನೋಡಿದರು.

“ಯಾರು ಕಲಿಸಿದ್ರು?”

“ನಮ್ಮಮ್ಮ. ಆಸ್ಪತ್ರೆ ಬಟ್ಟೆ ಒಗೀತಾಳೆ. ಸ್ಕೂಲು ಬಿಟ್ಟಾಗ ಬೈಲಿಲ್ಲ, ಕರ್ಕೊಂಡು ಹೋಗಿ ಇದನ್ನ ಕಲಿಸಿದ್ಲು.”

“ಎಷ್ಟು ವರ್ಷದಿಂದ ಒಗೀತಾಳೆ?”

“ನಾನು ಹುಟ್ಟೋಕೆ ಮುಂಚಿಂದ.”

ಅಜ್ಜಿ ಮಡಿಸಿದ ಬೆಡ್‌ಶೀಟನ್ನು ಪೆಟ್ಟಿಗೆಯಲ್ಲಿಟ್ಟು, “ಇಲ್ಲಿಗೆ ಬಂದ್ಮೇಲೆ ಒಂದು ಕರವಸ್ತ್ರಾನೂ ಮಡಿಸ್ಬಾರ್ದು ಅವಳು. ಹೇಳ್ಬಿಡು” ಎಂದರು. ಹೇಳಿದ್ದೇನೆ.

ಆದ್ದರಿಂದ ನನ್ನ ತೀರ್ಪು ಇದು: ಬಾ. ಇದೇನು ಸ್ವರ್ಗವಲ್ಲ, ಏಳು ಬೆಟ್ಟ ಕಾಣುವ ಭರವಸೆ ನಾನು ಕೊಡಲಾರೆ. ಆದರೂ ಬಾ. ಅಪ್ಪ ಮುನಿಸಿಕೊಳ್ಳುತ್ತಾರೆ, ಒಂದು ವಾರ ಬಿಸಿ ಊಟ ಇಲ್ಲದಿದ್ದರೆ ಅಡುಗೆ ಕಲಿಯುತ್ತಾರೆ. ಅತ್ತಿಗೆ ಅಳುತ್ತಾಳೆ, ಅವಳದ್ದು ಮಾತ್ರ ನ್ಯಾಯವಾದ ಅಳು. ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಹೇಳು. ನಾನು ಮನೆಯಲ್ಲಿ ಕೂರುತ್ತೇನೆ ಎಂದರೆ ಯಾರೂ ನಂಬುವುದಿಲ್ಲ, ಆದರೂ ಹೇಳು.

ಬೀಗದಜ್ಜಿ ನಿನಗೆ ಒಳ್ಳೆಯದಾಗಲಿ ಎಂದು ಹರಸಿದ್ದಾರೆ. ಮಂಡಿಗೆ ಹಚ್ಚಲು ಎಣ್ಣೆ ಕೊಟ್ಟಿದ್ದಾರೆ, ನಾನೇ ತರುತ್ತೇನೆ. ನಾನು ಹರಸುವಷ್ಟು ದೊಡ್ಡವಳಲ್ಲ. ನಿನಗೆ ನಿದ್ದೆ ಬರಲಿ, ಅಷ್ಟು ಕೇಳಿಕೊಳ್ಳುತ್ತೇನೆ.

ನಿನ್ನ
ಕಿರಿಮಗಳು

ಮ. ವಿ.: ಬರೆಯಲು ಮರೆತಿದ್ದೆ ಎನ್ನಬಹುದಿತ್ತು, ಮರೆತಿರಲಿಲ್ಲ. ಬಸ್ ನಿಲ್ದಾಣದಲ್ಲಿ ನೀನು, “ಒಬ್ಬರಿಗೆ ಸಾಕಾಗೋ ಹಾಗೆ ನೋಡು” ಎಂದೆ. ನನ್ನನ್ನು ಬೇರೆಯಾಗಿ ಎಣಿಸಿಲ್ಲ, ಆ ಒಬ್ಬರಲ್ಲಿ ನಾನೂ ಇದ್ದೇನೆ ಎಂದುಕೊಂಡು ಖುಷಿಯಲ್ಲೇ ಬಸ್ ಹತ್ತಿದೆ. ಬಸ್ಸು ಘಟ್ಟದ ಮೊದಲ ತಿರುವು ದಾಟಿದ ಮೇಲೆ ಹೊಳೆಯಿತು: ನಿನಗೆ ಸಾಕಾಗಿರುವವರಲ್ಲಿ ನಾನೂ ಒಬ್ಬಳು. ಒಲೆಗೆ ಹಾಕಿದ ಆ ಪತ್ರ ಬರೆದದ್ದು ಅದಕ್ಕೆ. ನಿನ್ನ ಮೇಲೆ ಸಿಟ್ಟಿಲ್ಲ. ನೋವಾಯಿತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಅಜ್ಜಿ ಇವತ್ತು ಬೆಳಿಗ್ಗೆ, “ಬೀಗದ ಕೈಗಳನ್ನ ಹೊತ್ತು ತಿರುಗೋಕೆ ನನಗಾಗಲ್ಲ, ನೀನೂ ಇಲ್ಲೇ ಇದ್ಬಿಡು. ಅಟ್ಟದಲ್ಲಿ ಇನ್ನೊಂದು ಮಂಚ ಇದೆ, ಇಳಿಸಿ ನಿಮ್ಮಮ್ಮನ ಮಂಚದ ಪಕ್ಕ ಹಾಕಿಸ್ಲಾ?” ಎಂದು ಕೇಳಿದರು. ಬೇಡ ಅಜ್ಜಿ, ಅವಳು ಒಬ್ಬಳೇ ಬರುತ್ತಾಳೆ ಎಂದೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.